ಸಾವಯವ ಒಳ್ಳೇದಾ ಅಂದರೆ ಎಲ್ಲರೂ ‘ಹೂಂ’ ಅಂತಾರೆ: ರೈತರ ಧೋರಣೆ ಅಳೆಯುವ ಕೆಲಸದ ಬಗ್ಗೆ

“ಸಾವಯವ ಕೃಷಿ ಒಳ್ಳೆಯದಲ್ಲವೇ?” ಎಂದು ರೈತರನ್ನು ಕೇಳಿದರೆ ಬರುವ ಉತ್ತರ ಒಂದೇ: “ಹೂಂ, ಒಳ್ಳೇದೇ ಅಲ್ವಾ.” ನಿನ್ನೆ ತಾನೇ ಜೋಳಕ್ಕೆ ಯೂರಿಯಾ ಎರಚಿ ಬಂದವರೂ ಹೀಗೇ ಹೇಳುತ್ತಾರೆ, ಹತ್ತು ವರ್ಷದಿಂದ ಒಂದು ಚೀಲವನ್ನೂ ಕೊಳ್ಳದವರೂ ಹೀಗೇ ಹೇಳುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ತಪ್ಪು ಪ್ರಶ್ನೆಯದು. ಯಾರನ್ನು ಕೂರಿಸಿದರೂ ಮುಳ್ಳು ಅಲುಗದ ತಕ್ಕಡಿಯಿಂದ ತೂಕ ತಿಳಿಯುವುದಿಲ್ಲ.

ಕರ್ನಾಟಕ 2004ರಲ್ಲೇ ಸಾವಯವ ಕೃಷಿ ನೀತಿ ತಂದ ರಾಜ್ಯ. ಅಂದಿನಿಂದ ಇಂದಿನವರೆಗೆ ಎಷ್ಟೋ ತರಬೇತಿ, ಕೃಷಿ ಮೇಳ, ಟಿ.ವಿ. ಕಾರ್ಯಕ್ರಮ ಆಗಿವೆ. ಯಾವ ಉತ್ತರ ಕೊಟ್ಟರೆ ಕೇಳಿದವರಿಗೆ ಸಂತೋಷವಾಗುತ್ತದೆ ಎಂಬುದು ಈಗ ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಆದ್ದರಿಂದ ಇವತ್ತು ರೈತರ ಧೋರಣೆ ಅಳೆಯಹೊರಟವರ ಮೊದಲ ಕೆಲಸ, ಎಲ್ಲರೂ ಒಪ್ಪುವ ಮಾತುಗಳನ್ನು ಪಟ್ಟಿಯಿಂದ ಹೊಡೆದುಹಾಕಿ, ರೈತರು ನಿಜವಾಗಿ ಎಲ್ಲಿ ಬೇರೆಬೇರೆಯಾಗುತ್ತಾರೆ ಎಂದು ಹುಡುಕುವುದು. ಕೃಷಿ ವಿಸ್ತರಣೆಯಲ್ಲಿ ಎಂ.ಎಸ್ಸಿ. ಮಾಡುತ್ತಿರುವವರು, ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಸಮೀಕ್ಷೆ ನಡೆಸುವವರು, ಯೋಜನೆ ಶುರುಮಾಡುವ ಮೊದಲು ಊರಿನ ಮನಸ್ಸು ತಿಳಿಯಬೇಕೆನ್ನುವ ರೈತ ಉತ್ಪಾದಕ ಸಂಸ್ಥೆಗಳು, ಇವರಿಗೆಲ್ಲ ಉಪಯೋಗಕ್ಕೆ ಬರಲಿ ಎಂದು ಈ ಕೆಲಸದ ಒಳಗುಟ್ಟುಗಳನ್ನು ಇಲ್ಲಿ ಬರೆದಿಟ್ಟಿದ್ದೇವೆ.

ಅರಿವು ಬೇರೆ, ಧೋರಣೆ ಬೇರೆ, ಮಾಡುವುದು ಬೇರೆ

ಪ್ರಶ್ನಾವಳಿಗಳಲ್ಲಿ ಅತಿ ಹೆಚ್ಚು ಕಾಣುವ ದೋಷ ಈ ಮೂರನ್ನೂ ಒಂದೇ ಪಾತ್ರೆಗೆ ಸುರಿಯುವುದು. ಒಂದು ಎಕರೆಗೆ ಜೀವಾಮೃತ ಮಾಡಲು 200 ಲೀಟರ್ ನೀರು, 10 ಕೆ.ಜಿ. ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆ.ಜಿ. ಬೆಲ್ಲ, 2 ಕೆ.ಜಿ. ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು ಬೇಕು ಎಂದು ಹೇಳಬಲ್ಲವರಿಗೆ ಅರಿವಿದೆ. ಅದನ್ನು ಮಾಡುವುದು ಪಟ್ಟ ಶ್ರಮಕ್ಕೆ ತಕ್ಕದ್ದೋ ಅಲ್ಲವೋ ಎಂದು ಅವರಿಗೆ ಅನ್ನಿಸುವುದು ಧೋರಣೆ. ಕಳೆದ ಮುಂಗಾರಿನಲ್ಲಿ ಎಷ್ಟು ಗುಂಟೆಗೆ ಎಷ್ಟು ಸಲ ಹಾಕಿದರು ಎನ್ನುವುದು ಅಳವಡಿಕೆ. ಅಳತೆ ಸರಿಯಾಗಿ ಗೊತ್ತಿದ್ದೂ ಅದನ್ನು ನಂಬದವರಿದ್ದಾರೆ. ತುಂಬ ನಂಬಿಕೆಯಿದ್ದೂ ಮನೆಯಲ್ಲಿ ದನವಿಲ್ಲದೆ ಕೈಕಟ್ಟಿ ಕೂತವರಿದ್ದಾರೆ. ಮೂರನ್ನೂ ಕೂಡಿಸಿ ಒಂದು ಅಂಕ ಕೊಟ್ಟರೆ ಇವರಿಬ್ಬರೂ ಒಂದೇ ಸಾಲಿನಲ್ಲಿ ಬಂದು ನಿಲ್ಲುತ್ತಾರೆ.

ಧೋರಣೆ ಎಂದರೆ ಒಂದು ವಿಷಯದ ಪರವಾಗಿಯೋ ವಿರುದ್ಧವಾಗಿಯೋ ಮನಸ್ಸು ಎಷ್ಟು ವಾಲಿದೆ ಎಂಬುದು. ಅದನ್ನು ಅಳೆಯಬಹುದು ಎಂದು 1928ರಲ್ಲಿ ಅಮೆರಿಕದ ಮನೋವಿಜ್ಞಾನಿ ಲೂಯಿ ಥರ್ಸ್ಟನ್ ವಾದಿಸಿದರು. 1932ರಲ್ಲಿ ರೆನ್ಸಿಸ್ ಲಿಕರ್ಟ್ ಅದಕ್ಕಿಂತ ಸುಲಭದ ದಾರಿ ತೋರಿಸಿದರು: ಹೇಳಿಕೆಗಳನ್ನು ಓದಿ, ಪ್ರತಿಯೊಂದಕ್ಕೂ ಐದು ಹಂತದ ಉತ್ತರ ಪಡೆದು (ಪೂರ್ತಿ ಒಪ್ಪಿದರೆ 5, ಸುತಾರಾಂ ಒಪ್ಪದಿದ್ದರೆ 1), ಅಂಕಗಳನ್ನು ಕೂಡುವುದು. ನಮ್ಮಲ್ಲಿ ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯಗಳ ವಿಸ್ತರಣಾ ವಿಭಾಗಗಳಲ್ಲಿ ಹೆಚ್ಚಾಗಿ ನಡೆಯುವುದು ಲಿಕರ್ಟ್ ಪದ್ಧತಿಯೇ. ಥರ್ಸ್ಟನ್ ಪದ್ಧತಿಯಲ್ಲಿ ಪ್ರತಿ ಹೇಳಿಕೆಗೂ ತೀರ್ಪುಗಾರರಿಂದ 11 ಹಂತದಲ್ಲಿ ಬೆಲೆ ಕಟ್ಟಿಸಬೇಕು. ಅಷ್ಟು ಶ್ರಮಕ್ಕೆ ಸಿಗುವ ಲಾಭ ಕಡಿಮೆ ಎಂಬುದು ನಮ್ಮ ಅಭಿಪ್ರಾಯ.

ಯಾವ ಮಾತಿನಲ್ಲಿ ಕೇಳುವುದು

ನಿಜವಾದ ಕೆಲಸ ಇಲ್ಲಿದೆ, ಆದರೆ ಹೆಚ್ಚಿನವರು ಇದನ್ನು ಅರ್ಧ ದಿನದಲ್ಲಿ ಮುಗಿಸುತ್ತಾರೆ. ಹೇಳಿಕೆಗಳನ್ನು ಇಂಗ್ಲಿಷಿನಲ್ಲಿ ಬರೆದು, ಜಾಣರೊಬ್ಬರಿಂದ ಅನುವಾದ ಮಾಡಿಸಿ, ‘ಸಾವಯವ ಕೃಷಿಯು ಪರಿಸರಸ್ನೇಹಿಯಾಗಿರುತ್ತದೆ’ ಎಂಬಂಥ ವಾಕ್ಯ ಹಿಡಿದು ಹೊಲಕ್ಕೆ ಹೋಗುತ್ತಾರೆ. ಈ ವಾಕ್ಯಕ್ಕೆ ‘ಇಲ್ಲ’ ಎನ್ನುವವರು ಯಾರು? ‘ಪರಿಸರಸ್ನೇಹಿ’ ಎಂದರೆ ಏನೆಂದು ಕೇಳಿ ಸಂದರ್ಶಕರ ಮುಖ ಕೆಡಿಸುವವರು ಯಾರು?

ಗೊಬ್ಬರ ಎಂಬ ಒಂದು ಪದವನ್ನೇ ನೋಡಿ. ಎಷ್ಟೋ ಊರುಗಳಲ್ಲಿ ಬರೀ ‘ಗೊಬ್ಬರ’ ಎಂದರೆ ಅಂಗಡಿಯ ಚೀಲದ ಗೊಬ್ಬರ. ಕೆಲವೆಡೆ ಅದು ‘ಸರ್ಕಾರಿ ಗೊಬ್ಬರ’, ಕೆಲವೆಡೆ ‘ಸೀಮೆಗೊಬ್ಬರ’. ದನದ್ದು ಬಯಲುಸೀಮೆಯಲ್ಲಿ ‘ತಿಪ್ಪೆಗೊಬ್ಬರ’ ಇಲ್ಲವೇ ‘ಕೊಟ್ಟಿಗೆ ಗೊಬ್ಬರ’, ಕರಾವಳಿಯಲ್ಲಿ ‘ಹಟ್ಟಿಗೊಬ್ಬರ’. ‘ಗೊಬ್ಬರ ಹಾಕದೆ ಬೆಳೆ ಬರುತ್ತದೆ’ ಎಂಬ ಹೇಳಿಕೆಗೆ ಮಂಡ್ಯದವರೊಬ್ಬರು ಒಪ್ಪಿ, ಪುತ್ತೂರಿನವರೊಬ್ಬರು ಒಪ್ಪದಿದ್ದರೆ ಅದು ಧೋರಣೆಯ ವ್ಯತ್ಯಾಸವೇ ಆಗಬೇಕಿಲ್ಲ. ಒಂದೇ ಪದಕ್ಕೆ ಇಬ್ಬರೂ ಬೇರೆಬೇರೆ ಅರ್ಥ ಹಚ್ಚಿಕೊಂಡಿರಬಹುದು. ಕೀಟನಾಶಕದ್ದು ಇನ್ನೊಂದು ತೊಡಕು. ಜನ ಅದನ್ನು ‘ಔಷಧಿ’ ಎನ್ನುತ್ತಾರೆ; ಉತ್ತರ ಕರ್ನಾಟಕದ ಕಡೆ ‘ಎಣ್ಣಿ ಹೊಡೆಯೋದು’ ಎನ್ನುವುದೂ ಉಂಟು. ಪ್ರಶ್ನಾವಳಿಯಲ್ಲಿ ‘ವಿಷ’ ಎಂದು ಬರೆದರೆ ಉತ್ತರವನ್ನೂ ನೀವೇ ಬರೆದಂತೆ. ‘ಪೀಡೆನಾಶಕ’ ಎಂದರೆ ಯಾರಿಗೂ ತಿಳಿಯದು. ಊರಲ್ಲಿ ಯಾವ ಪದ ಓಡುತ್ತದೋ ಅದನ್ನೇ ಹಾಕಬೇಕು. ಎರಡು ಜಿಲ್ಲೆಗಳಲ್ಲಿ ಸಮೀಕ್ಷೆಯಿದ್ದರೆ ಹೇಳಿಕೆಯ ಎರಡು ರೂಪಗಳನ್ನು ಮೊದಲೇ ಅಚ್ಚು ಹಾಕಿಸಿ. ಪದ ಬದಲಿಸುವ ಕೆಲಸವನ್ನು ಸಂದರ್ಶಕರ ಬಾಯಿಗೆ ಬಿಟ್ಟರೆ ಒಬ್ಬೊಬ್ಬರು ಒಂದೊಂದು ಪ್ರಶ್ನೆ ಕೇಳಿ ಬರುತ್ತಾರೆ.

‘ಸಾವಯವ’ ಎಂಬ ಪದಕ್ಕೂ ಈ ಎಚ್ಚರ ಬೇಕು. ಕೆಲವರಿಗೆ ಅದು ಒಂದು ಸರ್ಕಾರಿ ಯೋಜನೆಯ ಹೆಸರು, ಕೆಲವರಿಗೆ ಸುಭಾಷ್ ಪಾಳೇಕರರ ಶೂನ್ಯ ಬಂಡವಾಳ ಪದ್ಧತಿ (ಹೊರಗಿನಿಂದ ಕೊಳ್ಳದೆ, ನಾಟಿ ಹಸುವನ್ನು ನಂಬಿ ಮಾಡುವ ಬೇಸಾಯ), ಕೆಲವರಿಗೆ ಪ್ರಮಾಣಪತ್ರ ಇರುವ ತೋಟ. ಆದ್ದರಿಂದ ಸಂದರ್ಶನದ ಶುರುವಿನಲ್ಲೇ ಎಲ್ಲರಿಗೂ ಒಂದೇ ವಿವರಣೆ ಓದಿ: “ಅಂಗಡಿ ಗೊಬ್ಬರ, ಅಂಗಡಿ ಔಷಧಿ ಎರಡನ್ನೂ ಬಿಟ್ಟು, ತಿಪ್ಪೆಗೊಬ್ಬರ, ಹಸಿರೆಲೆ, ಎರೆಗೊಬ್ಬರ, ಹಿಂಡಿ, ಜೀವಾಮೃತ ಇಂಥವುಗಳಿಂದ ಬೆಳೆ ತೆಗೆಯುವುದನ್ನು ನಾವು ಸಾವಯವ ಅಂತೀವಿ.” ಈ ಎರಡು ಸಾಲು ಇಲ್ಲದಿದ್ದರೆ ಒಬ್ಬೊಬ್ಬರ ತಲೆಯಲ್ಲಿರುವ ಒಂದೊಂದು ಸಾವಯವವನ್ನು ಅಳೆದು ಬಂದಂತಾಗುತ್ತದೆ.

ಹೇಳಿಕೆ ಕಟ್ಟುವುದು

ಮನೋವಿಜ್ಞಾನಿ ಅಲೆನ್ ಎಡ್ವರ್ಡ್ಸ್ 1957ರಲ್ಲಿ ಒಟ್ಟುಗೂಡಿಸಿಕೊಟ್ಟ ನಿಯಮಗಳು ಇಂದಿಗೂ ನಡೆಯುತ್ತವೆ. ಹೇಳಿಕೆ ಚಿಕ್ಕದಿರಲಿ, 20 ಪದ ದಾಟದಿರಲಿ. ಒಂದು ಹೇಳಿಕೆಯಲ್ಲಿ ಒಂದೇ ವಿಚಾರವಿರಲಿ. ‘ಎಲ್ಲ’, ‘ಯಾವಾಗಲೂ’, ‘ಯಾರೂ’ ಎಂಬ ಪದಗಳು ಬೇಡ. ಎಲ್ಲರೂ ಒಪ್ಪುವಂಥದ್ದು, ಯಾರೂ ಒಪ್ಪದಂಥದ್ದು ಬೇಡ. ಹಿಂದಿನ ಕಾಲದ ಮಾತು ಬೇಡ: ‘ನಮ್ಮ ಅಜ್ಜಂದಿರು ಮಾಡುತ್ತಿದ್ದುದೇ ಸರಿ’ ಎಂಬುದು ಅಜ್ಜನ ಮೇಲಿನ ಪ್ರೀತಿಯನ್ನು ಅಳೆಯುತ್ತದೆ. ‘ಸಾವಯವ ಬೆಳೆಗೆ ಬೆಲೆ ಜಾಸ್ತಿ, ಆದರೆ ಮಾರುವುದು ಕಷ್ಟ’ ಎಂಬುದರಲ್ಲಿ ಎರಡು ಹೇಳಿಕೆ ಇವೆ, ಬಿಡಿಸಿ. ಕನ್ನಡದಲ್ಲಿ ಇದರ ಮೇಲೆ ಹೆಚ್ಚು ಗಮನ ಬೇಕು. ‘ಆದರೂ’, ‘-ಇಂದ’, ‘-ಓಸ್ಕರ’ ಎಂದು ಪೋಣಿಸುತ್ತ ಹೋದರೆ ಒಂದೇ ವಾಕ್ಯದೊಳಗೆ ಮೂರು ವಿಚಾರ ನುಸುಳಿರುವುದು ಬರೆದವರಿಗೇ ಕಾಣುವುದಿಲ್ಲ.

ಕನ್ನಡದಲ್ಲಿ ಕಾಡುವ ಇನ್ನೊಂದು ಅಪಾಯ ‘ಇಲ್ಲ’. ‘ಸಾವಯವದಲ್ಲಿ ಹಾಕಿದ ದುಡ್ಡು ಹುಟ್ಟುವುದಿಲ್ಲ’ ಎಂದು ಓದುತ್ತೀರಿ. ರೈತರು “ಇಲ್ಲ” ಎನ್ನುತ್ತಾರೆ. ಏನರ್ಥ? ‘ಇಲ್ಲ, ಹುಟ್ಟುವುದಿಲ್ಲ, ನೀವು ಹೇಳಿದ್ದು ಸರಿ’ ಎಂದೋ, ‘ಇಲ್ಲ, ನಾನು ಒಪ್ಪಲ್ಲ’ ಎಂದೋ? ಹೆಚ್ಚಿನ ಸಲ ಮೊದಲನೆಯದೇ. ಸಂದರ್ಶಕರು ಮಾತ್ರ ‘ಒಪ್ಪುವುದಿಲ್ಲ’ ಎಂದು ಗುರುತು ಹಾಕಿಕೊಳ್ಳುತ್ತಾರೆ, ಅಂಕ ತಲೆಕೆಳಗಾಗುತ್ತದೆ. ಪ್ರತಿಕೂಲ ಹೇಳಿಕೆ, ಅಂದರೆ ಸಾವಯವದ ವಿರುದ್ಧದ ಮಾತು, ಬೇಕೇ ಬೇಕು, ಆದರೆ ವಾಕ್ಯ ಮುಗಿಯುವಾಗ ನಿಷೇಧ ಇರಬಾರದು. ‘ಸಾವಯವ ಮಾಡಿದರೆ ಹಾಕಿದ ದುಡ್ಡಿಗೆ ನಷ್ಟವಾಗುತ್ತದೆ’ ಎಂದು ಬರೆಯಿರಿ. ಭಾವ ವಿರುದ್ಧ, ವಾಕ್ಯ ಮಾತ್ರ ನೇರ.

ಎಲ್ಲರೂ ತಲೆಯಾಡಿಸುವ ಮಾತನ್ನು ಒಡೆಯುವ ಉಪಾಯ ಇದು: ಒಳ್ಳೆಯದರ ಜೊತೆಗೆ ಅದರ ಬೆಲೆಯನ್ನೂ ಇಡಿ. ‘ಸಾವಯವದಿಂದ ಮಣ್ಣು ಮೆದುವಾಗುತ್ತದೆ’ ಎಂದರೆ ಎಲ್ಲರೂ ಹೌದೆನ್ನುತ್ತಾರೆ. ‘ಮಣ್ಣು ಸುಧಾರಿಸುವುದಾದರೆ ಮೊದಲ ಎರಡು ವರ್ಷ ಇಳುವರಿ ಇಳಿದರೂ ತಡೆದುಕೊಳ್ಳಬಹುದು’ ಎಂದರೆ ಜನ ಯೋಚಿಸುತ್ತಾರೆ, ಬೇರೆಯಾಗುತ್ತಾರೆ. ಇಲ್ಲಿ ವಿಚಾರ ಒಂದೇ, ತಡೆದುಕೊಳ್ಳುವ ಮನಸ್ಸು. ಮಣ್ಣು ಅದಕ್ಕೆ ಹಿನ್ನೆಲೆ ಮಾತ್ರ. ಹೀಗೆಯೇ: ‘ಕಳೆ ಕೀಳಲು ಆಳಿಗೆ ಕೊಡುವ ಕೂಲಿ ಹೆಚ್ಚಾದರೂ ಕಳೆ ಔಷಧಿ ಬಿಡುವುದು ಲೇಸು’, ‘ಪ್ರಮಾಣಪತ್ರಕ್ಕಾಗಿ ಪುಸ್ತಕ ಬರೆದಿಡುವ ಗೋಜು ರೈತರಿಗೆ ದಂಡ’, ‘ಅಕ್ಕಪಕ್ಕದವರು ಔಷಧಿ ಹೊಡೆಯುವಾಗ ನಾವೊಬ್ಬರೇ ಬಿಟ್ಟರೆ ಹುಳ ನಮ್ಮ ಹೊಲಕ್ಕೇ ಬರುತ್ತದೆ’, ‘ಮನೆ ಊಟಕ್ಕೆ ಸಾವಯವ, ಮಾರುವುದಕ್ಕೆ ಅಂಗಡಿ ಗೊಬ್ಬರ ಎಂಬುದೇ ಸರಿಯಾದ ದಾರಿ’. ಕೊನೆಯದು ನಮ್ಮ ಮೆಚ್ಚಿನ ಹೇಳಿಕೆ. ಬಾಯಿಮಾತಿನ ಒಲವನ್ನೂ ದುಡ್ಡಿನ ಲೆಕ್ಕವನ್ನೂ ಅದು ಚೆನ್ನಾಗಿ ಬೇರ್ಪಡಿಸುತ್ತದೆ.

ಪ್ರಮಾಣಪತ್ರದ ಹೇಳಿಕೆ ಬರೆಯುವವರಿಗೆ ನಿಯಮ ಗೊತ್ತಿರಬೇಕು. ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದಲ್ಲಿ ಪರಿವರ್ತನೆಯ ಅವಧಿ (ಅಂಗಡಿ ಗೊಬ್ಬರ, ಔಷಧಿ ಬಿಟ್ಟು ಪ್ರಮಾಣಪತ್ರಕ್ಕಾಗಿ ಕಾಯುವ ಕಾಲ) ವಾರ್ಷಿಕ ಬೆಳೆಗೆ ಸಾಮಾನ್ಯವಾಗಿ 2 ವರ್ಷ, ಬಹುವಾರ್ಷಿಕ ಬೆಳೆಗೆ 3 ವರ್ಷ. ಅಡಿಕೆ ತೋಟದವರ ಮುಂದೆ ‘ಎರಡು ವರ್ಷ’ ಎಂದು ಓದಿದರೆ ವಿಷಯ ಬಲ್ಲವರು ಅಲ್ಲೇ ನಿಲ್ಲಿಸಿ ತಿದ್ದುತ್ತಾರೆ, ಆಮೇಲಿನ ಉತ್ತರಗಳಿಗೆ ಮನಸ್ಸು ಕೊಡುವುದಿಲ್ಲ. ಬೆಳೆಯಿಂದ ಬೆಳೆಗೆ ಹೇಳಿಕೆಯ ತೂಕವೂ ಬದಲಾಗುತ್ತದೆ. ‘ಇಳುವರಿ ಇಳಿಯುತ್ತದೆ’ ಎಂಬುದು ತುಂಗಭದ್ರಾ ಅಚ್ಚುಕಟ್ಟಿನ ಭತ್ತದವರಿಗೆ ದೊಡ್ಡ ಭಯ. ಮಳೆಯನ್ನೇ ನಂಬಿ ರಾಗಿಗೆ ಹೇಗೂ ಕಡಿಮೆ ಗೊಬ್ಬರ ಹಾಕುವ ತುಮಕೂರಿನ ರೈತರಿಗೆ ಅಂಥ ಭಯವಲ್ಲ. ಸೊಪ್ಪಿನ ಬೆಟ್ಟ ಇರುವ ಶಿರಸಿ ಸೀಮೆಯ ತೋಟದವರನ್ನೂ ಬೆಟ್ಟವೇ ಇಲ್ಲದ ರಾಯಚೂರಿನ ಹತ್ತಿ ಬೆಳೆಗಾರರನ್ನೂ ಗೊಬ್ಬರ ಒದಗಿಸಿಕೊಳ್ಳುವ ಬಗ್ಗೆ ಒಂದೇ ಮಾತಿನಲ್ಲಿ ಕೇಳಿ ಅಂಕ ಹೋಲಿಸಬಾರದು.

ಹೇಳಿಕೆಗಳನ್ನು ನಾಲ್ಕು ಗುಂಪಾಗಿ ಕಲೆಹಾಕಿದರೆ ಮುಂದೆ ಸುಖ: ಮಣ್ಣು ಮತ್ತು ಬೆಳೆ, ಆರೋಗ್ಯ, ದುಡಿಮೆ ಮತ್ತು ಖರ್ಚು, ಮಾರುಕಟ್ಟೆ ಮತ್ತು ಪ್ರಮಾಣಪತ್ರ. ಮೊದಲು 60ರಿಂದ 80 ಹೇಳಿಕೆ ಬರೆಯಿರಿ. ಎಡ್ವರ್ಡ್ಸ್ ನಿಯಮಗಳಲ್ಲಿ ಸೋಸಿದರೆ 45ರಷ್ಟು ಉಳಿಯುತ್ತವೆ.

ಜರಡಿ ಹಿಡಿಯುವುದು

ಮೊದಲ ಜರಡಿ ತೀರ್ಪುಗಾರರದು. 40–50 ಮಂದಿ ತಜ್ಞರಿಗೆ ಹೇಳಿಕೆ ಕಳಿಸಿ, ‘ತುಂಬ ಪ್ರಸ್ತುತ’ಕ್ಕೆ 3, ‘ಪ್ರಸ್ತುತ’ಕ್ಕೆ 2, ‘ಅಪ್ರಸ್ತುತ’ಕ್ಕೆ 1 ಅಂಕ ಕೊಡಿಸುತ್ತಾರೆ. 40 ಜನರಲ್ಲಿ 28 ಮಂದಿ 3, 9 ಮಂದಿ 2, 3 ಮಂದಿ 1 ಕೊಟ್ಟರೆ ಮೊತ್ತ 105. ಬರಬಹುದಾದ ಗರಿಷ್ಠ 120. ಭಾಗಿಸಿದರೆ 0.875. ಸಾಮಾನ್ಯವಾಗಿ 0.75ಕ್ಕಿಂತ ಮೇಲಿದ್ದದ್ದನ್ನು ಉಳಿಸಿಕೊಳ್ಳುತ್ತಾರೆ. ಲೆಕ್ಕ ಸುಲಭ. ತೊಂದರೆಯೆಂದರೆ ತೀರ್ಪುಗಾರರೆಲ್ಲ ಒಂದೇ ಓದು ಓದಿದವರಾಗಿರುತ್ತಾರೆ. ಸಾವಯವ ಮಾಡಿ ಕೈಬಿಟ್ಟ ರೈತರು ಐದಾರು ಮಂದಿಯಾದರೂ ಆ ಪಟ್ಟಿಯಲ್ಲಿರಬೇಕೆಂದು ನಾವು ಒತ್ತಿ ಹೇಳುತ್ತೇವೆ. ಎಲ್ಲಿ ಚುಚ್ಚುತ್ತದೆ ಎಂದು ಅವರಷ್ಟು ಚೆನ್ನಾಗಿ ಬೇರೆಯವರು ಹೇಳಲಾರರು.

ಎರಡನೆಯ ಜರಡಿ ನಿಜವಾದದ್ದು. ಉಳಿದ 30ರಷ್ಟು ಹೇಳಿಕೆಗಳನ್ನು, ಮುಂದೆ ಸಮೀಕ್ಷೆ ಮಾಡದ ಬೇರೆ ಊರುಗಳ 100 ರೈತರ ಮೇಲೆ ಪ್ರಯೋಗಿಸಿ. ಒಟ್ಟು ಅಂಕದ ಪ್ರಕಾರ ಸಾಲು ಮಾಡಿ, ಮೇಲಿನ 25 ಮಂದಿ, ಕೆಳಗಿನ 25 ಮಂದಿಯನ್ನು ಎತ್ತಿಕೊಳ್ಳಿ. ಪ್ರತಿ ಹೇಳಿಕೆಯಲ್ಲೂ ಈ ಎರಡು ಗುಂಪು ಎಷ್ಟು ಬೇರೆಯಾಗುತ್ತವೆ ಎಂದು ಟಿ ಮೌಲ್ಯ ತೆಗೆಯಿರಿ: ಎರಡು ಸರಾಸರಿಗಳ ವ್ಯತ್ಯಾಸವನ್ನು, ಎರಡೂ ಗುಂಪಿನ ವಿಚಲನೆಗಳ (ಒಬ್ಬೊಬ್ಬರ ಅಂಕ ಸರಾಸರಿಯಿಂದ ಎಷ್ಟು ದೂರ ಎಂಬುದರ) ವರ್ಗಗಳ ಮೊತ್ತವನ್ನು ಗುಂಪಿನ ಸಂಖ್ಯೆ ಗುಣಿಸು ಅದಕ್ಕಿಂತ ಒಂದು ಕಡಿಮೆಯಿಂದ ಭಾಗಿಸಿ ಬಂದದ್ದರ ವರ್ಗಮೂಲದಿಂದ ಭಾಗಿಸಬೇಕು. ಓದಲು ತೊಡಕು, ಮಾಡಿದರೆ ಸುಲಭ.

ಲೆಕ್ಕಕ್ಕೆಂದು ಹಿಡಿದ ಅಂಕಿಗಳನ್ನು ನೋಡಿ. ‘ಎರಡು ವರ್ಷ ಇಳುವರಿ ಇಳಿದರೂ ತಡೆದುಕೊಳ್ಳಬಹುದು’ ಎಂಬುದಕ್ಕೆ ಮೇಲಿನ ಗುಂಪಿನಲ್ಲಿ 9 ಮಂದಿ 5, 10 ಮಂದಿ 4, 4 ಮಂದಿ 3, 2 ಮಂದಿ 2 ಕೊಟ್ಟರು, ಸರಾಸರಿ 4.04. ಕೆಳಗಿನ ಗುಂಪಿನಲ್ಲಿ 2 ಮಂದಿ 5, 5 ಮಂದಿ 4, 6 ಮಂದಿ 3, 9 ಮಂದಿ 2, 3 ಮಂದಿ 1; ಸರಾಸರಿ 2.76. ವಿಚಲನೆಗಳ ವರ್ಗಗಳ ಮೊತ್ತ 20.96 ಮತ್ತು 32.56, ಸೇರಿ 53.52. ಅದನ್ನು 25 ಗುಣಿಸು 24, ಅಂದರೆ 600ರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.299. 1.28ನ್ನು 0.299ರಿಂದ ಭಾಗಿಸಿದರೆ ಟಿ ಮೌಲ್ಯ ಸುಮಾರು 4.29. ಎಡ್ವರ್ಡ್ಸ್ ಹೇಳಿದ ಗಡಿ 1.75. ಈ ಹೇಳಿಕೆ ಉಳಿಯಿತು.

ಈಗ ‘ಸಾವಯವ ಆಹಾರ ಆರೋಗ್ಯಕ್ಕೆ ಒಳ್ಳೆಯದು’. ಮೇಲಿನ ಗುಂಪಿನಲ್ಲಿ 20 ಮಂದಿ 5, 5 ಮಂದಿ 4, ಸರಾಸರಿ 4.80. ಕೆಳಗಿನ ಗುಂಪಿನಲ್ಲೂ 18 ಮಂದಿ 5, 6 ಮಂದಿ 4, ಒಬ್ಬರು 3, ಸರಾಸರಿ 4.68. ಟಿ ಮೌಲ್ಯ 0.87. ಸಾವಯವದ ಕಡೆ ಹೆಚ್ಚು ವಾಲಿದವರನ್ನೂ ಕಡಿಮೆ ವಾಲಿದವರನ್ನೂ ಈ ಹೇಳಿಕೆ ಬೇರ್ಪಡಿಸಲಿಲ್ಲ. ಎಷ್ಟೇ ಚೆಂದ ಇರಲಿ, ತೆಗೆಯಬೇಕು. ಮಾಪಕದಲ್ಲಿ, ಅಂದರೆ ಸಮೀಕ್ಷೆಗೆ ಒಯ್ಯುವ ಕೊನೆಯ ಪಟ್ಟಿಯಲ್ಲಿ, ಇಂಥವು ಹತ್ತು ಉಳಿದರೆ ಎಲ್ಲರ ಅಂಕವೂ ಉಬ್ಬಿ, ‘ಬಹುತೇಕ ರೈತರ ಧೋರಣೆ ಅನುಕೂಲಕರವಾಗಿದೆ’ ಎಂಬ ತೀರ್ಮಾನ ಮೊದಲೇ ಬರೆದಿಟ್ಟಂತೆ ಹೊರಬರುತ್ತದೆ.

ಕೊನೆಗೆ 20 ಹೇಳಿಕೆ ಸಾಕು, 10 ಅನುಕೂಲ, 10 ಪ್ರತಿಕೂಲ. ಟಿ ಮೌಲ್ಯ ದೊಡ್ಡದಿದೆ ಎಂದು ಒಂದೇ ಗುಂಪಿನ ಹನ್ನೆರಡನ್ನು ತುಂಬಬೇಡಿ. ನಾಲ್ಕು ಗುಂಪಿನಿಂದಲೂ ಐದೈದು ಬರಲಿ.

ನಂಬಲರ್ಹತೆಗೆ (ಹೇಳಿಕೆಗಳ ಉತ್ತರ ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಲು) ಎರಡು ದಾರಿ. ಬೆಸ ಸಂಖ್ಯೆಯ ಹೇಳಿಕೆಗಳ ಮೊತ್ತ, ಸಮ ಸಂಖ್ಯೆಯವುಗಳ ಮೊತ್ತ ಬೇರೆ ಮಾಡಿ ಸಹಸಂಬಂಧ ತೆಗೆಯುವುದು ಹಳೆಯ ಪದ್ಧತಿ. 0.70 ಬಂದರೆ ಸ್ಪಿಯರ್‌ಮನ್–ಬ್ರೌನ್ ಸೂತ್ರದಂತೆ 1.40ನ್ನು 1.70ರಿಂದ ಭಾಗಿಸಿ ಪೂರ್ಣ ಮಾಪಕಕ್ಕೆ 0.82. ಇನ್ನೊಂದು, ಲೀ ಕ್ರಾನ್‌ಬಾಕ್ 1951ರಲ್ಲಿ ಕೊಟ್ಟ ಆಲ್ಫಾ, ಹೇಳಿಕೆಗಳೆಲ್ಲ ಎಷ್ಟು ಒಟ್ಟಿಗೆ ಸಾಗುತ್ತವೆ ಎಂಬ ಅಂಕಿ. 0.70 ದಾಟಿದರೆ ಸಾಮಾನ್ಯವಾಗಿ ಸರಿ. 0.95 ದಾಟಿದರೆ ಹಿಗ್ಗಬೇಡಿ, ಒಂದೇ ಮಾತನ್ನು ಬೇರೆಬೇರೆ ಪದಗಳಲ್ಲಿ ಕೇಳುತ್ತಿದ್ದೀರಿ ಎಂದರ್ಥ. ಆಲ್ಫಾ ಹೆಚ್ಚಿದೆ ಎಂದಮಾತ್ರಕ್ಕೆ ಮಾಪಕ ಒಂದೇ ವಿಷಯವನ್ನು ಅಳೆಯುತ್ತಿದೆ ಎಂದೂ ಅಲ್ಲ. ಹೇಳಿಕೆಗಳ ಸಂಖ್ಯೆ ಏರಿದರೆ ಆಲ್ಫಾ ತಾನಾಗಿ ಏರುತ್ತದೆ. ನಾಲ್ಕು ಗುಂಪಿಗೂ ಪ್ರತ್ಯೇಕ ಆಲ್ಫಾ ತೆಗೆದು ನೋಡಿ. ಸಿಂಧುತ್ವಕ್ಕೆ (ಅಳೆಯಬೇಕಾದದ್ದನ್ನೇ ಅಳೆಯುತ್ತಿದೆಯೇ ಎಂದು ತಿಳಿಯಲು) ನಾವು ನಂಬುವುದು ಒಂದೇ ಪರೀಕ್ಷೆಯನ್ನು: ಐದು ವರ್ಷದಿಂದ ಸ್ವಂತ ಇಚ್ಛೆಯಿಂದ ಸಾವಯವ ಮಾಡುತ್ತಿರುವ 30 ಮಂದಿ, ಎಂದೂ ಮಾಡದ 30 ಮಂದಿಗೆ ಮಾಪಕ ಹಚ್ಚಿ. ಇವರಿಬ್ಬರ ಅಂಕ ಬೇರೆಯಾಗದಿದ್ದರೆ ಮಿಕ್ಕ ಲೆಕ್ಕವೆಲ್ಲ ವ್ಯರ್ಥ.

ಹೊಲದಲ್ಲಿ ಕೇಳುವಾಗ

‘ಹೂಂ’ ಎಂಬುದು ಒಪ್ಪಿಗೆಯಲ್ಲ. ನಮ್ಮ ಮಾತಿನಲ್ಲಿ ಅದು ‘ಕೇಳಿಸಿಕೊಳ್ಳುತ್ತಿದ್ದೇನೆ, ಮುಂದೆ ಹೇಳಿ’ ಎಂಬುದು. ಹೇಳಿಕೆ ಓದಿ ಮುಗಿಸುವ ಮೊದಲೇ ಬಂದ ‘ಹೂಂ’ಗೆ 4 ಅಂಕ ಹಾಕಿದ ಪ್ರಶ್ನಾವಳಿಗಳು ಎಷ್ಟಿರಬಹುದೋ! ಐದು ಹಂತವನ್ನು ಒಟ್ಟಿಗೆ ಓದಿದರೂ ನಡೆಯುವುದಿಲ್ಲ. ಕೊನೆಯದು ಓದುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ಎರಡು ಮೆಟ್ಟಿಲಲ್ಲಿ ಕೇಳಿ. ಮೊದಲು, “ಈ ಮಾತು ಒಪ್ತೀರಾ, ಒಪ್ಪಲ್ವಾ?” ಒಪ್ಪುತ್ತೇನೆಂದರೆ, “ಹದಿನಾರಾಣೆ ಒಪ್ತೀರಾ, ಸ್ವಲ್ಪ ಮಟ್ಟಿಗಾ?” ಒಪ್ಪಲ್ಲ ಎಂದರೆ, “ಸುತಾರಾಂ ಒಪ್ಪಲ್ವಾ, ಅಷ್ಟಾಗಿ ಒಪ್ಪಲ್ವಾ?” ಹಿರಿಯರಿಗೆ ಆಣೆಯ ಲೆಕ್ಕ ಇವತ್ತಿಗೂ ಥಟ್ಟನೆ ಹತ್ತುತ್ತದೆ. ‘ಹೇಳೋಕಾಗಲ್ಲ’ ಎಂಬುದು 3 ಅಂಕ. ಎರಡೂ ಕಡೆ ಯೋಚಿಸಿ ನಡುವೆ ನಿಂತವರದು. ‘ಗೊತ್ತಿಲ್ಲ’ ಎಂಬುದು ಬೇರೆ. ಪ್ರಮಾಣಪತ್ರವೆಂದರೇನೆಂದೇ ಕೇಳದವರ ಉತ್ತರ ಅದು. ಅದಕ್ಕೆ 3 ಹಾಕಬಾರದು, ಖಾಲಿ ಬಿಡಬೇಕು.

ಅಂಕ ಹಾಕುವಾಗ ಪ್ರತಿಕೂಲ ಹೇಳಿಕೆಯ ಉತ್ತರವನ್ನು 6ರಿಂದ ಕಳೆಯಬೇಕು ಎಂಬುದು ಎಲ್ಲರಿಗೂ ಗೊತ್ತು. ಅದರೊಳಗಿನ ಬಲೆ ಗೊತ್ತಿರುವುದು ಕೆಲವರಿಗೆ. ಎಲ್ಲದಕ್ಕೂ ‘ಒಪ್ತೀನಿ’ ಎಂದವರ ಲೆಕ್ಕ ಹಾಕಿ: ಅನುಕೂಲ ಹತ್ತಕ್ಕೆ 40, ಪ್ರತಿಕೂಲ ಹತ್ತಕ್ಕೆ 20, ಒಟ್ಟು 60. 20ರಿಂದ 100ರವರೆಗಿನ ಅಳತೆಯಲ್ಲಿ ಇದು ಸರಿಯಾಗಿ ನಡುಬಿಂದು. ಪ್ರಶ್ನೆಯನ್ನೇ ಕೇಳಿಸಿಕೊಳ್ಳದವರು ತೂಗಿನೋಡಿದ ಮಧ್ಯಸ್ಥರಂತೆ ಕಾಣುತ್ತಾರೆ. ಒಟ್ಟು ಅಂಕ ಹಾಕುವ ಮೊದಲು ಇಪ್ಪತ್ತಕ್ಕೂ ಒಂದೇ ಉತ್ತರ ಬಂದ ಪ್ರಶ್ನಾವಳಿಗಳನ್ನು ಎತ್ತಿಡಿ. ಅವೆಲ್ಲ ಒಬ್ಬರೇ ಸಂದರ್ಶಕರಿಂದ ಬಂದಿದ್ದರೆ ರೈತರನ್ನು ದೂರಬೇಡಿ, ಸಂದರ್ಶಕರ ಜೊತೆ ಒಂದು ದಿನ ಹೊಲಕ್ಕೆ ಹೋಗಿ.

ಯಾರು ಕೇಳುತ್ತಾರೆ ಎಂಬುದೂ ಉತ್ತರವನ್ನು ಬಾಗಿಸುತ್ತದೆ. ಇಲಾಖೆಯ ಜೀಪಿನಲ್ಲಿ ಇಳಿದವರಿಗೆ ಸಬ್ಸಿಡಿ ನೆನಪಿಟ್ಟುಕೊಂಡ ಉತ್ತರ ಸಿಗುತ್ತದೆ. ಅರಳಿಕಟ್ಟೆಯಲ್ಲಿ ಕೇಳಿದರೆ ಊರಿನ ಹಿರಿಯರೊಬ್ಬರ ಉತ್ತರವೇ ಹತ್ತು ಸಲ ಬರುತ್ತದೆ. ಮನೆಯ ಜಗುಲಿಯೋ ಹೊಲದ ಬದುವೋ ಆದರೆ ಒಳ್ಳೆಯದು. ಮನೆಯ ಯಜಮಾನರೊಬ್ಬರನ್ನೇ ಕೇಳಿ ಮುಗಿಸುವುದು ದೊಡ್ಡ ಲೋಪ. 2015–16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿಗಳಲ್ಲಿ ಮಹಿಳೆಯರ ಹೆಸರಲ್ಲಿ ಇದ್ದದ್ದು ಶೇಕಡಾ 14ರಷ್ಟು. ಪಹಣಿ ನೋಡಿ ಪಟ್ಟಿ ಮಾಡಿದರೆ ಹೆಂಗಸರು ತಾವಾಗಿ ಹೊರಗುಳಿಯುತ್ತಾರೆ. ಸಗಣಿ ಬಾಚುವುದು, ತಿಪ್ಪೆಗೆ ಹೊರುವುದು, ಕಳೆ ಕೀಳುವುದು ಅವರ ಪಾಲಿಗೆ ಬಿದ್ದಿರುವಾಗ, ‘ದುಡಿಮೆ ಹೆಚ್ಚು’ ಎಂಬ ಹೇಳಿಕೆಗೆ ಅವರ ಉತ್ತರ ಇಲ್ಲದ ಮಾಪನಕ್ಕೆ ಏನು ಬೆಲೆ? ಒಂದೇ ಮನೆಯ ಗಂಡಹೆಂಡಿರನ್ನು ಬೇರೆಬೇರೆಯಾಗಿ, ಒಂದೇ ಹೊತ್ತಿಗೆ, ಇಬ್ಬರು ಸಂದರ್ಶಕರು ಕೇಳಬೇಕು.

ಬಿತ್ತನೆಯ ಗಡಿಬಿಡಿಯಲ್ಲಿ ಹೋಗಬೇಡಿ. ಸೊಸೈಟಿಯ ಮುಂದೆ ಯೂರಿಯಾಕ್ಕೆ ಸಾಲು ನಿಂತ ವಾರವೂ ಬೇಡ. ಆ ವಾರದ ಸಿಟ್ಟು ಸಾವಯವದ ಪರವಾದ ಅಂಕವಾಗಿ ದಾಖಲಾಗುತ್ತದೆ. ಸುಗ್ಗಿ ಮುಗಿದು ಲೆಕ್ಕ ಕೈಗೆ ಬಂದ ಮೇಲೆ ಕೇಳುವುದು ಸರಿ.

ಎಷ್ಟು ಜನ ಬೇಕು? ಪ್ರಬಂಧಗಳಲ್ಲಿ 120 ಎಂಬ ಸಂಖ್ಯೆ ಒಬ್ಬರಿಂದ ಒಬ್ಬರಿಗೆ ಬಂದಿದೆ. ಎರಡು ಗುಂಪುಗಳ ನಡುವೆ ಅರ್ಧ ಮಾನಕ ವಿಚಲನೆಯಷ್ಟು (ಮಾನಕ ವಿಚಲನೆ ಎಂದರೆ ಅಂಕಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬ ಅಳತೆ) ವ್ಯತ್ಯಾಸವಿದ್ದರೆ ಅದನ್ನು ಹಿಡಿಯಲು, ಶೇಕಡಾ 5ರ ಸಾರ್ಥಕತೆ (ಇಲ್ಲದ ವ್ಯತ್ಯಾಸವನ್ನು ಇದೆ ಎನ್ನುವ ಅಪಾಯ), ಶೇಕಡಾ 80ರ ಸಾಮರ್ಥ್ಯಕ್ಕೆ (ಇರುವ ವ್ಯತ್ಯಾಸ ಸಿಕ್ಕುವ ಸಾಧ್ಯತೆ), ಗುಂಪಿಗೆ 64 ಮಂದಿ ಬೇಕು. 120ನ್ನು ಮೂರಾಗಿ ಹಂಚಿ 40–40 ಮಾಡಿದರೆ 0.63 ವಿಚಲನೆಗಿಂತ ಚಿಕ್ಕ ವ್ಯತ್ಯಾಸಗಳಿಗೆ ಆ ಸಾಮರ್ಥ್ಯ ಉಳಿಯುವುದಿಲ್ಲ. ಆಮೇಲೆ ‘ವ್ಯತ್ಯಾಸ ಕಂಡುಬರಲಿಲ್ಲ’ ಎಂದು ಬರೆಯುವುದು ನ್ಯಾಯವಲ್ಲ.

‘ಮಧ್ಯಮ’ ಎಂಬ ಮಾಯೆ

ವಿಸ್ತರಣಾ ಸಂಶೋಧನೆಯಲ್ಲಿ ತಪ್ಪದೆ ಕಾಣುವ ಕೋಷ್ಟಕವೊಂದಿದೆ: ಸರಾಸರಿಗಿಂತ ಅರ್ಧ ಮಾನಕ ವಿಚಲನೆ ಮೇಲಿದ್ದವರು ‘ಹೆಚ್ಚು ಅನುಕೂಲಕರ’, ಅರ್ಧ ಕೆಳಗಿದ್ದವರು ‘ಕಡಿಮೆ’, ನಡುವಿನವರು ‘ಮಧ್ಯಮ’. ಅಂಕಗಳು ಗಂಟೆಯಾಕಾರದಲ್ಲಿ ಹರಡಿದ್ದರೆ ಈ ವಿಂಗಡಣೆ ಯಾವಾಗಲೂ ಸುಮಾರು ಶೇಕಡಾ 31, 38, 31 ಎಂದೇ ಬರುತ್ತದೆ. ಸರಾಸರಿ 82 ಇರುವ ಊರಲ್ಲೂ ಹೀಗೇ, 58 ಇರುವ ಊರಲ್ಲೂ ಹೀಗೇ. ಅದು ಗಣಿತದ ಗುಣ, ರೈತರ ಗುಣವಲ್ಲ. ‘ಹೆಚ್ಚಿನ ರೈತರ ಧೋರಣೆ ಮಧ್ಯಮ ಮಟ್ಟದ್ದು’ ಎಂಬ ಸಾಲು ಇಷ್ಟೊಂದು ಪ್ರಬಂಧಗಳಲ್ಲಿ ಸಿಗುವುದಕ್ಕೆ ಇದು ದೊಡ್ಡ ಕಾರಣ, ಮತ್ತು ಆ ಸಾಲನ್ನು ನಂಬಿ ಯೋಜನೆ ರೂಪಿಸುವವರಿಗೆ ಆಗುವ ನಷ್ಟ ಸಣ್ಣದಲ್ಲ. ಗಡಿ ಬೇಕೇ ಆದರೆ ಅಳತೆಯ ನಡುಬಿಂದುವಿನಿಂದ ಹಿಡಿಯಿರಿ: 20 ಹೇಳಿಕೆಗೆ 60. ಅದಕ್ಕಿಂತ ಮೇಲೋ ಕೆಳಗೋ, ಎಷ್ಟು ದೂರ ಎಂದು ಹೇಳಿ. ಅದಕ್ಕಿಂತ ಮುಖ್ಯ, ನಾಲ್ಕು ಗುಂಪಿನ ಅಂಕವನ್ನು ಬೇರೆಬೇರೆ ತೋರಿಸಿ. ಒಟ್ಟು 66 ಬಂದ ಇಬ್ಬರು ರೈತರಲ್ಲಿ ಒಬ್ಬರಿಗೆ ಮಣ್ಣು, ಆರೋಗ್ಯದಲ್ಲಿ 23, 23, ದುಡಿಮೆ, ಮಾರುಕಟ್ಟೆಯಲ್ಲಿ 10, 10 ಇರಬಹುದು. ಇನ್ನೊಬ್ಬರಿಗೆ ನಾಲ್ಕರಲ್ಲೂ 16, 17 ಇರಬಹುದು. ಮೊದಲನೆಯವರಿಗೆ ಇನ್ನೊಂದು ಜಾಗೃತಿ ಭಾಷಣ ಬೇಡವೇ ಬೇಡ. ಅವರಿಗೆ ಬೇಕಿರುವುದು ಆಳು ಮತ್ತು ಕೊಳ್ಳುವವರು.

ಅಳವಡಿಕೆಯನ್ನು ಪ್ರತ್ಯೇಕ ಹಾಳೆಯಲ್ಲಿ, ಧೋರಣೆಯ ಹೇಳಿಕೆಗಳೆಲ್ಲ ಮುಗಿದ ಮೇಲೆ ಬರೆದುಕೊಳ್ಳಿ. ಮೊದಲೇ ಕೇಳಿದರೆ ತಾವು ಮಾಡಿದ್ದಕ್ಕೆ ಹೊಂದುವಂತೆ ಅಭಿಪ್ರಾಯ ಹೇಳುತ್ತಾರೆ. 1934ರಲ್ಲಿ ರಿಚರ್ಡ್ ಲಾಪಿಯರ್ ಅಮೆರಿಕದಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಿಗೆ ಬರಬೇಕು. ಚೀನೀ ದಂಪತಿಯ ಜೊತೆ ಅವರು 251 ಹೋಟೆಲು, ವಸತಿಗಳಿಗೆ ಹೋದರು. ಒಂದೇ ಕಡೆ ಬಾಗಿಲು ಮುಚ್ಚಿತು. ಆಮೇಲೆ ಪತ್ರ ಬರೆದು ‘ಚೀನೀಯರಿಗೆ ಜಾಗ ಕೊಡುತ್ತೀರಾ’ ಎಂದು ಕೇಳಿದಾಗ, ಉತ್ತರಿಸಿದ 128 ಕಡೆಯವರಲ್ಲಿ ಶೇಕಡಾ 90ಕ್ಕೂ ಹೆಚ್ಚು ಮಂದಿ ಇಲ್ಲ ಎಂದರು. ಹೇಳುವುದಕ್ಕೂ ನಡೆಯುವುದಕ್ಕೂ ಇಷ್ಟು ದೂರವಿರುತ್ತದೆ. ನಮ್ಮ ವಿಷಯದಲ್ಲಿ ದೂರ ತಿರುಗುಮುರುಗು, ಹೇಳುವುದು ಸಿಹಿ, ಮಾಡುವುದು ಕಷ್ಟ. ಐಸೆಕ್ ಐಝೆನ್ 1991ರಲ್ಲಿ ವಿವರಿಸಿದಂತೆ ಧೋರಣೆಯ ಜೊತೆಗೆ ಇನ್ನೆರಡನ್ನು ಕೇಳಿದರೆ ಈ ದೂರ ಅರ್ಥವಾಗುತ್ತದೆ: ತನಗೆ ಬೇಕಾದವರು ಏನೆನ್ನುತ್ತಾರೆ, ಇದು ತನ್ನ ಕೈಲಾಗುತ್ತದೆಯೇ. ಎರಡಕ್ಕೂ ಮೂರುಮೂರು ಹೇಳಿಕೆ ಸಾಕು.

ಅಳವಡಿಕೆಯ ಹಾಳೆಯಲ್ಲಿ ‘ಸಾವಯವ ಮಾಡುತ್ತೀರಾ’ ಎಂಬ ಪ್ರಶ್ನೆಯೇ ಇರಬಾರದು. ಕಳೆದ ಮುಂಗಾರಿನಲ್ಲಿ ಯಾವ ಬೆಳೆಗೆ, ಎಷ್ಟು ಗುಂಟೆಗೆ, 45 ಕೆ.ಜಿ.ಯ ಯೂರಿಯಾ ಎಷ್ಟು ಚೀಲ, ಡಿ.ಎ.ಪಿ. ಎಷ್ಟು ಚೀಲ, ಔಷಧಿ ಎಷ್ಟು ಸಲ, ತಿಪ್ಪೆಗೊಬ್ಬರ ಎಷ್ಟು ಗಾಡಿ ಅಥವಾ ಎಷ್ಟು ಟ್ರ್ಯಾಕ್ಟರ್ ಲೋಡು, ಅದು ಮನೆಯದೋ ಕೊಂಡದ್ದೋ, ಹಟ್ಟಿಯಲ್ಲಿ ಈಗ ದನ ಎಷ್ಟು. ಪಾಳೇಕರರು ಒಂದು ನಾಟಿ ಹಸು 30 ಎಕರೆಗೆ ಸಾಕೆನ್ನುತ್ತಾರೆ. ತಿಪ್ಪೆಗೊಬ್ಬರವನ್ನೇ ನಂಬಿ ಎಕರೆಗೆ 3 ಟನ್ ಹಾಕಬೇಕೆನ್ನುವವರ ಲೆಕ್ಕ ಪೂರ್ತಿ ಬೇರೆ. ಯಾರು ಯಾವ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ‘ನನ್ನ ಕೈಲಾಗಲ್ಲ’ ಎಂದರು ಎಂಬುದನ್ನು ಹಾಳೆಯ ಕೊನೆಯಲ್ಲಿ ಎರಡು ಸಾಲು ಖಾಲಿ ಬಿಟ್ಟು, ಅವರ ಮಾತಿನಲ್ಲೇ ಬರೆದುಕೊಳ್ಳಿ.